ಮೂವತ್ತಾರು ಬಣ್ಣದ ಫೆಲ್ಟಿಂಗ್ ಕಿಟ್: ಸೂಜಿ ಇಟ್ಟುಕೊಳ್ಳಿ, ಸ್ಪಂಜು ಬಿಸಾಡಿ, ಉಣ್ಣೆಗೆ ಶಿರಾ ಕಡೆ ನೋಡಿ

ನೀಡಲ್ ಫೆಲ್ಟಿಂಗ್ ಅಂದರೆ ಉಣ್ಣೆಯನ್ನು ಸೂಜಿಯಿಂದ ಚುಚ್ಚಿ ಚುಚ್ಚಿ ಗಟ್ಟಿಮಾಡಿ ಗೊಂಬೆ ಮಾಡುವ ಕೈಕೆಲಸ. ಆನ್‌ಲೈನ್‌ನಲ್ಲಿ ಅದರ ಕಿಟ್ ಎಂದು ಹುಡುಕಿದರೆ ಸಾಲಾಗಿ ಬರುವ ಪೆಟ್ಟಿಗೆಗಳೆಲ್ಲ ಹೆಚ್ಚುಕಡಿಮೆ ಒಂದೇ ತಾಯಿಯ ಮಕ್ಕಳು. ಮೇಲಿನ ಹೆಸರು ಬೇರೆ, ಮುಚ್ಚಳದ ಬೆಕ್ಕಿನ ಚಿತ್ರ ಬೇರೆ. ಒಳಗಿನ ಸರಕು ಅದೇ. ೩೬ ಬಣ್ಣದ ಉಣ್ಣೆ, ಬಣ್ಣಕ್ಕೆ ೩ ಗ್ರಾಂ. ಮೂರು ಅಳತೆಯ ಒಂಬತ್ತು ಸೂಜಿ. ಸೂಜಿ ಸಿಕ್ಕಿಸುವ ಮರದ ಹಿಡಿ, ಎರಡು ತುಂಡು ಸ್ಪಂಜು, ಬೆರಳಿಗೆ ತೊಡಿಸುವ ಚರ್ಮದ ಟೋಪಿ ಎರಡು, ಗೊಂಬೆಗೆ ಪ್ಲಾಸ್ಟಿಕ್ ಕಣ್ಣು, ಹೊಳೆಯುವ ಎಳೆಯ ಪುಟ್ಟ ಪೊಟ್ಟಣ. ಕೆಲವದರಲ್ಲಿ ಒಂದು ಕತ್ತರಿಯೂ ಇರುತ್ತದೆ. ಅದು ದಾರ ಕತ್ತರಿಸಿದರೆ ನಿಮ್ಮ ಪುಣ್ಯ.

ಈ ವಿಮರ್ಶೆ ಆ ಬಗೆಯ ಕಿಟ್ಟಿನದು. ತುಮಕೂರಿನಲ್ಲಿ ಕೂತು ಅದನ್ನು ತರಿಸುವವರಿಗೆ ಹೇಳಬೇಕಾದ್ದು ಇಷ್ಟೇ: ಪೆಟ್ಟಿಗೆಯಲ್ಲಿ ದುಡ್ಡಿಗೆ ತಕ್ಕದ್ದು ಸೂಜಿ ಮಾತ್ರ. ಮಿಕ್ಕಿದ್ದಕ್ಕೆಲ್ಲ ಇದಕ್ಕಿಂತ ಒಳ್ಳೆಯದು ಈ ಸೀಮೆಯಲ್ಲೇ ಇದೆ, ಸಿದ್ಧಮಾಡಿಕೊಳ್ಳುವ ತಾಳ್ಮೆ ಬೇಕು ಅಷ್ಟೆ.

ಫೆಲ್ಟ್ ಅಂದರೆ ನೇಯದ, ಹೆಣೆಯದ ಬಟ್ಟೆ. ಉಣ್ಣೆಯ ಎಳೆಯ ಮೈಮೇಲೆ ಮೀನಿನ ಪೊರೆಯಂಥ ಹೆಪ್ಪಳಿಕೆಗಳಿವೆ. ಬಿಸಿ, ತೇವ, ಸಾಬೂನು ಸೇರಿ ಉಜ್ಜಾಟ ಬಿದ್ದರೆ ಎಳೆಗಳು ಒಂದಕ್ಕೊಂದು ಹೊಕ್ಕು ಮತ್ತೆ ಹಿಂದಕ್ಕೆ ಬರಲಾರವು. ಎಣ್ಣೆ ಕಾಣದ ಕೂದಲು ಜಡೆಗಟ್ಟುವಂತೆ ಜಡೆಗಟ್ಟುತ್ತವೆ. ಇದು ನೀರಿನ ದಾರಿ. ಸೂಜಿಯ ದಾರಿಯಲ್ಲಿ ನೀರಿಲ್ಲ. ಸೂಜಿಯ ಅಂಚಿನಲ್ಲಿ ಕೊರೆದ ಸಣ್ಣ ಕಚ್ಚುಗಳು ಒಳಹೋಗುವಾಗ ಎಳೆಯನ್ನು ಎಳೆದುಕೊಂಡು ಹೋಗಿ ಅಲ್ಲೇ ಬಿಟ್ಟುಬರುತ್ತವೆ. ಕಾರ್ಖಾನೆಗಳಲ್ಲಿ ಇದೇ ಸೂಜಿಗಳನ್ನು ಸಾವಿರಗಟ್ಟಲೆ ಒಂದು ಹಲಗೆಗೆ ಜೋಡಿಸಿ ನೆಲಹಾಸು ತಯಾರಿಸುತ್ತಾರೆ. ಕೈಕೆಲಸಕ್ಕೆ ಬಂದದ್ದು ಆ ಯಂತ್ರದ ಸೂಜಿಯೇ.

ಮೊದಲು ಸೂಜಿ. ನಂಬರ್ ಹೆಚ್ಚಾದಷ್ಟೂ ಸೂಜಿ ಸಣ್ಣ. ೩೬ ದಪ್ಪ: ಒರಟು ಉಣ್ಣೆಗೆ, ಕೈಕಾಲು ಜೋಡಿಸುವುದಕ್ಕೆ. ೩೮ ನಡುವಿನದು: ಮುಕ್ಕಾಲು ಪಾಲು ಕೆಲಸ ಇದರಲ್ಲೇ ಆಗುತ್ತದೆ. ೪೦ ಕೊನೆಯ ನಯಗೆಲಸಕ್ಕೆ. ಕಿಟ್ಟಿನಲ್ಲಿ ಇವು ಮೂರೂ ಇರುತ್ತವೆ, ಆದರೆ ಯಾವುದು ಯಾವುದೆಂದು ಗುರುತಿರುವುದಿಲ್ಲ. ಮೂರನ್ನೂ ಪಕ್ಕಪಕ್ಕ ಹಿಡಿದು ಬೆಳಕಿಗೆ ತೋರಿಸಿದರೆ ತುದಿಯ ದಪ್ಪದಲ್ಲಿ ವ್ಯತ್ಯಾಸ ಕಾಣುತ್ತದೆ. ಆಗಲೇ ಬೇರೆಬೇರೆ ಮಾಡಿಡಿ. ಉಕ್ಕು ಬಿರುಸು, ಹಾಗಾಗಿ ಬಾಗುವುದಿಲ್ಲ, ಮುರಿಯುತ್ತದೆ. ಮುರಿಯಲು ಕಾರಣ ನೂರಕ್ಕೆ ತೊಂಬತ್ತು ಸಲ ಒಂದೇ: ಚುಚ್ಚಿದ ಕೋನದಲ್ಲೇ ಹೊರಗೆಳೆಯದೆ ಒಳಗಿದ್ದಾಗ ಓರೆ ಮಾಡುವುದು. ಓರೆಯಾಗಿ ಚುಚ್ಚಿದರೆ ಓರೆಯಾಗಿಯೇ ತೆಗೆಯಿರಿ, ನೆಟ್ಟಗೆ ಚುಚ್ಚಿದರೆ ನೆಟ್ಟಗೆ. ಮುರಿದ ತುದಿ ಗೊಂಬೆಯೊಳಗೆ ಉಳಿದರೆ ಮಕ್ಕಳ ಕೈಗೆ ಕೊಡುವ ಮುನ್ನ ಅಯಸ್ಕಾಂತ ಆಡಿಸಿ ಹುಡುಕಿ. ಸಿಗದಿದ್ದರೆ ಗೊಂಬೆಯನ್ನು ಬಿಚ್ಚಿ. ಇನ್ನು ಆ ಚರ್ಮದ ಟೋಪಿ: ದಪ್ಪ ಸಾಲದು, ಹೊಲಿಗೆಯ ಕಡೆಯಿಂದ ಸೂಜಿ ಸಲೀಸಾಗಿ ತೂರುತ್ತದೆ. ಆದರೂ ಇಲ್ಲದ್ದಕ್ಕಿಂತ ಮೇಲು.

ಒಂಬತ್ತು ಸೂಜಿ ಎಂಬುದು ಕಲಿಯುವವರಿಗೆ ಎರಡು ವಾರದ ಬಾಳು. ಅಷ್ಟರಲ್ಲಿ ಕೈ ಕುದುರಿರುತ್ತದೆ. ಸೂಜಿಗೆ ಐದರಲ್ಲಿ ನಾಲ್ಕು ಅಂಕ ಕೊಡಬಹುದು.

ಉಣ್ಣೆಗೆ ಎರಡಕ್ಕಿಂತ ಹೆಚ್ಚು ಕೊಡಲಾಗದು. ಮೊದಲನೆಯ ತಕರಾರು ಅಳತೆಯದು. ೩ ಗ್ರಾಂ ಉಣ್ಣೆಯನ್ನು ಗಟ್ಟಿಯಾಗಿ ಚುಚ್ಚಿದರೆ ಸುಮಾರು ೩ ಸೆಂಟಿಮೀಟರ್ ಅಡ್ಡಗಲದ ಉಂಡೆ, ಅಂದರೆ ಒಂದು ದೊಡ್ಡ ನೆಲ್ಲಿಕಾಯಿ. ಮೂವತ್ತಾರು ಬಣ್ಣ ನೋಡಲು ಚಂದ, ಆದರೆ ಅಂಗೈಯಗಲದ ಒಂದು ಬೆಕ್ಕಿನ ಮೈಗೇ ೧೫ ಗ್ರಾಂ ಬೇಕು. ಐದು ಬಣ್ಣ ಕಲಸಿ ಮೈ ಮಾಡುವ ಗತಿ ಬರುತ್ತದೆ. ಎರಡನೆಯದು ಬಾಚಣಿಕೆಯದು. ಕಿಟ್ಟಿನಲ್ಲಿ ಬರುವುದು ಬಹುಪಾಲು ಮೆರಿನೋ ಎಂಬ ನಯ ಉಣ್ಣೆಯ ಕುರಿ ಜಾತಿಯ ಟಾಪ್: ಬಾಚಿ ಬಾಚಿ ಎಲ್ಲ ಎಳೆಯನ್ನೂ ಒಂದೇ ದಿಕ್ಕಿಗೆ ಮಲಗಿಸಿದ ಉಣ್ಣೆ. ನೂಲಲು, ನೀರಿನ ಫೆಲ್ಟಿಗೆ ಅದು ಚೆನ್ನ. ಸೂಜಿಗೆ ಮಾತ್ರ ಅಡ್ಡಾದಿಡ್ಡಿ ಎಳೆಯೇ ಬೇಕು. ಒಂದೇ ದಿಕ್ಕಿನ ಎಳೆ ಸೂಜಿಯ ಕಚ್ಚಿಗೆ ಸಿಗದೆ ಜಾರುತ್ತದೆ, ಗಟ್ಟಿಯಾಗಲು ಹೊತ್ತು ಹಿಡಿಯುತ್ತದೆ, ಮೇಲೆ ಸೂಜಿಯ ಗುಳಿ ಎದ್ದು ಕಾಣುತ್ತದೆ. ಪರಿಹಾರ ಸುಲಭ. ಬಳಸುವ ಮುನ್ನ ಚಿಕ್ಕ ಚಿಕ್ಕ ಎಳೆ ಕಿತ್ತು ಒಂದರ ಮೇಲೊಂದು ಅಡ್ಡಡ್ಡ ಇಟ್ಟು ಮತ್ತೆ ಹಿಂಜಿ. ಹತ್ತು ಸಲ ಹಾಗೆ ಮಾಡಿದರೆ ಅರಳೆಯ ಹದಕ್ಕೆ ಬರುತ್ತದೆ.

ಮೂರನೆಯದು ದೊಡ್ಡ ತಕರಾರು. ತೀರಾ ಅಗ್ಗದ ಕಿಟ್ಟುಗಳಲ್ಲಿ ಉಣ್ಣೆಯೆಂದು ಅಕ್ರಿಲಿಕ್ ಎಂಬ ಕೃತಕ ಎಳೆ ತುಂಬಿರುವುದುಂಟು. ಎಳೆಗೆ ಹೆಪ್ಪಳಿಕೆ ಇಲ್ಲದ ಮೇಲೆ ಜಡೆಗಟ್ಟುವುದೆಲ್ಲಿಂದ? ಸೂಜಿಯಲ್ಲಿ ಹೇಗೋ ಉಂಡೆಯಾಗುತ್ತದೆ, ನೀರಿನಲ್ಲಿ ಎಷ್ಟು ಉಜ್ಜಿದರೂ ಆಗದು. ಕಂಡುಹಿಡಿಯಲು ಒಂದು ಎಳೆಯನ್ನು ಚಿಮಟದಲ್ಲಿ ಹಿಡಿದು ಬೆಂಕಿಗೆ ತೋರಿಸಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ, ಬೆರಳಲ್ಲಿ ಹೊಸಕಿದರೆ ಪುಡಿಯಾಗುವ ಬೂದಿ. ಅಕ್ರಿಲಿಕ್ ಕರಗಿ ಗಟ್ಟಿ ಕರಿ ಗುಂಡಾಗುತ್ತದೆ. ಬೆಂಕಿ ಬೇಡವೆಂದರೆ ಬಟ್ಟೆಗೆ ಹಾಕುವ ಬ್ಲೀಚಿನಲ್ಲಿ ಒಂದು ಚಿಟಿಕೆ ನೆನೆಹಾಕಿ: ಉಣ್ಣೆ ಕರಗಿಹೋಗುತ್ತದೆ, ಅಕ್ರಿಲಿಕ್ ಹಾಗೇ ಕೂತಿರುತ್ತದೆ. ಫ್ಯಾನ್ಸಿ ಸ್ಟೋರುಗಳಲ್ಲಿ ಉಲ್ಲನ್ ಎಂದು ಮಾರುವ ಹೆಣಿಗೆ ದಾರಕ್ಕೂ ಇದೇ ಪರೀಕ್ಷೆ ಮಾಡಿ. ಅದರಲ್ಲಿ ಬಹಳಷ್ಟು ಅಕ್ರಿಲಿಕ್ಕೇ. ನಿಜವಾದ ಉಣ್ಣೆಯಾದರೂ ಸೂಪರ್‌ವಾಶ್ ಎಂದು ಬರೆದಿದ್ದರೆ ಫೆಲ್ಟಿಗೆ ಬಾರದು, ಯಂತ್ರದಲ್ಲಿ ಒಗೆದರೂ ಕುಗ್ಗದಿರಲೆಂದು ಆ ಹೆಪ್ಪಳಿಕೆಗಳನ್ನೇ ಕೆಲಸಕ್ಕೆ ಬಾರದಂತೆ ಮಾಡಿರುತ್ತಾರೆ.

ಸ್ಪಂಜಿನ ಬಗ್ಗೆ ಹೆಚ್ಚು ಮಾತು ಬೇಡ. ಎರಡನೇ ಗೊಂಬೆ ಮುಗಿಯುವ ಹೊತ್ತಿಗೆ ನಡುವೆ ಗುಂಡಿ ಬೀಳುತ್ತದೆ, ಸ್ಪಂಜಿನ ಪುಡಿ ಗೊಂಬೆಯ ಬೆನ್ನಿಗೆ ಅಂಟಿಕೊಂಡು ಚಿಮಟದಲ್ಲಿ ಆರಿಸುವ ಕೆಲಸ ಶುರುವಾಗುತ್ತದೆ. ಅದರ ಬದಲು ಗೋಣಿತಟ್ಟಿನಲ್ಲಿ ೧೫ಕ್ಕೆ ೨೦ ಸೆಂಟಿಮೀಟರಿನ ಚೀಲ ಹೊಲಿದು ಹಿಡಿಯುವಷ್ಟು ಅಕ್ಕಿ ತುಂಬಿ ಬಾಯಿ ಹೊಲಿಯಿರಿ. ಸೋನಾ ಮಸೂರಿ ಬೇಕಿಲ್ಲ, ನುಚ್ಚಕ್ಕಿ ಸಾಕು. ಸೂಜಿ ಕಾಳಿನ ಸಂದಿಯಲ್ಲಿ ಇಳಿಯುತ್ತದೆ, ಚೀಲ ಜಗ್ಗುವುದಿಲ್ಲ, ಭಾರವಾಗಿರುವುದರಿಂದ ಮೇಜಿನ ಮೇಲೆ ಸರಿಯುವುದೂ ಇಲ್ಲ. ರಾಗಿ ನಮ್ಮ ಕಡೆ ಕೈಗೆ ಸುಲಭ, ನಿಜ. ಆದರೆ ಗೋಣಿಯ ಕಣ್ಣಿನಿಂದ ಸೋರುತ್ತದೆ, ಒಳಗೊಂದು ಒತ್ತು ನೇಯ್ಗೆಯ ಬಟ್ಟೆಯ ಚೀಲ ಬೇಕಾಗುತ್ತದೆ. ಗೋಣಿಯ ನಾರು ಆಗೀಗ ಉಣ್ಣೆಗೆ ಹತ್ತುವುದು ಇದರ ದೋಷ. ಎರಡು ನಿಮಿಷಕ್ಕೊಮ್ಮೆ ಕೆಲಸವನ್ನು ಎತ್ತಿ ತಿರುಗಿಸಿದರೆ ಅಷ್ಟಾಗಿ ಹತ್ತುವುದಿಲ್ಲ. ಹುಳ ಬೀಳದಂತೆ ತಿಂಗಳಿಗೊಮ್ಮೆ ಚೀಲವನ್ನು ಬಿಸಿಲಿಗೆ ಹಾಕಿ.

ಈಗ ಶಿರಾ ಕಡೆಗೆ. ಶಿರಾ, ಮಧುಗಿರಿ, ಪಾವಗಡ ಕುರಿಯ ಸೀಮೆ, ಕಂಬಳಿಯ ಸೀಮೆ. ಇಲ್ಲಿಯ ಕುರಿ ದಖನಿ ಜಾತಿಯದು ಅಥವಾ ಅದಕ್ಕೆ ಹತ್ತಿರದ್ದು. ಸಾಕುವುದು ಮಾಂಸಕ್ಕೆ, ಉಣ್ಣೆ ಉಪಕಸುಬು. ಅಕ್ಕಿರಾಂಪುರದ ಕುರಿ ಸಂತೆಗೆ ಹೋಗಿ ಉಣ್ಣೆ ಕೇಳಿದರೆ ನಗುತ್ತಾರೆ, ಅಲ್ಲಿ ವ್ಯಾಪಾರ ಮರಿ, ಟಗರಿನದು. ಉಣ್ಣೆ ಬೇಕೆಂದರೆ ಕತ್ತರಿಸುವ ಕಾಲದಲ್ಲಿ ಕುರಿ ಮಂದೆಯವರನ್ನೋ, ಕಂಬಳಿ ನೇಯುವವರನ್ನೋ ಕೇಳಬೇಕು. 'ಅಣ್ಣಾ, ಮರಿ ಉಣ್ಣೆ ಬೇರೆ ಇಟ್ಟಿದ್ದೀರಾ?' ಎಂದೇ ಕೇಳಿ. ಮಗುವಿಗೆ ಜವಳ ತೆಗೆಸಿದಂತೆ ಮರಿಗೆ ಮೊದಲ ಸಲ ಕತ್ತರಿ ಹಾಕಿದಾಗ ಬರುವ ಉಣ್ಣೆ ಎಲ್ಲಕ್ಕಿಂತ ಮೆತ್ತಗೆ. ದೊಡ್ಡ ಕುರಿಯದ್ದರಲ್ಲಿ ಬೆನ್ನು, ಭುಜದ್ದು ಪರವಾಗಿಲ್ಲ. ತೊಡೆ, ಹೊಟ್ಟೆಯದು ಕೂದಲೇ ಸರಿ, ಅದರಲ್ಲಿ ಗಂಜಲ ಸಗಣಿಯೂ ಹೆಚ್ಚು. ಸತ್ತ ಕುರಿಯ ಉಣ್ಣೆಯನ್ನು ಪುಕ್ಕಟೆ ಕೊಟ್ಟರೂ ಮುಟ್ಟಬೇಡಿ: ನೆರಡಿ ರೋಗ, ಅಂದರೆ ಆಂಥ್ರಾಕ್ಸ್, ಉಣ್ಣೆಯ ಮೂಲಕ ಮನುಷ್ಯರಿಗೆ ಹತ್ತುತ್ತದೆ. ತೊಳೆಯದ ಉಣ್ಣೆ ಬಿಡಿಸುವಾಗ ಮಾಸ್ಕ್ ಇರಲಿ.

ಮೆರಿನೋ ಎಳೆ ಸುಮಾರು ೨೦ ಮೈಕ್ರಾನ್ ದಪ್ಪ. ದಖನಿಯದು ಹೆಚ್ಚುಕಡಿಮೆ ಅದರ ಎರಡು ಪಟ್ಟು, ನಡುನಡುವೆ ಇನ್ನೂ ದಪ್ಪ ಕೂದಲು. ಹಾಗಾಗಿ ಇದರಿಂದ ಕುತ್ತಿಗೆಗೆ ಸುತ್ತುವ ಶಾಲು ಮಾಡಲು ಹೋಗಬೇಡಿ, ಚುಚ್ಚುತ್ತದೆ. ಕಂಬಳಿ ಹಾಸಿ ಉಣ್ಣುವವರು ಅನ್ನದಲ್ಲಿ ಕೂದಲು ಸಿಕ್ಕಿತೆಂದು ಗೊಣಗಬಾರದು. ಆದರೆ ಗೊಂಬೆಯ ಒಳಮೈ, ಆಸನ, ಚಪ್ಪಲಿಯ ಒಳಹಾಸು, ಬಿಸಿ ಪಾತ್ರೆ ಇಡುವ ತಟ್ಟು, ಚೀಲ ಇವಕ್ಕೆ ಮೆರಿನೋಗಿಂತ ಇದೇ ಗಟ್ಟಿ. ೩೬ರ ಸೂಜಿಯಲ್ಲಿ ಬೇಗ ಹಿಡಿಯುತ್ತದೆ, ಏಕೆಂದರೆ ಎಳೆ ದಪ್ಪ, ಸುರುಳಿಯಿದೆ, ಅಡ್ಡಾದಿಡ್ಡಿ ಇದೆ. ೪೦ರ ಸೂಜಿ ಇದರಲ್ಲಿ ಹಾಕಿದರೆ ಮುರಿದೇ ಹೊರಬರುತ್ತದೆ.

ಕೆಲವರು ಕಂಬಳಿ ಮಗ್ಗದಲ್ಲಿ ಉಳಿದ ನೂಲಿನ ತುದಿಗಳನ್ನು ತಂದು ಹಿಂಜಲು ನೋಡುತ್ತಾರೆ. ಆ ಹಾಸು ನೂಲಿಗೆ ಹುಣಸೆ ಬೀಜದ ಗಂಜಿ ಹಚ್ಚಿರುತ್ತಾರೆ. ಬಿಸಿನೀರಿನಲ್ಲಿ ಒಂದು ರಾತ್ರಿ ನೆನೆಸಿ ತೊಳೆಯದಿದ್ದರೆ ಕಡ್ಡಿಯಂತೆ ಸೆಟೆದುಕೊಂಡಿರುತ್ತದೆ.

ತೊಳೆಯುವ ಕ್ರಮ. ಮೊದಲು ಒಣಗಿದ್ದಾಗಲೇ ಕೊಡವಿ, ಬಿಡಿಸಿ. ನೆಗ್ಗಿಲು ಮುಳ್ಳು, ಉತ್ತರಾಣಿ ಬೀಜ, ಜಾಲಿಯ ಚೂರು ಇವೆಲ್ಲ ಒಣ ಉಣ್ಣೆಯಿಂದ ಬರುವಷ್ಟು ಸುಲಭವಾಗಿ ಒದ್ದೆ ಉಣ್ಣೆಯಿಂದ ಬರುವುದಿಲ್ಲ. ೫೦೦ ಗ್ರಾಮಿನಂತೆ ಈರುಳ್ಳಿ ಬರುವ ಬಲೆ ಚೀಲದಲ್ಲಿ ಸಡಿಲವಾಗಿ ತುಂಬಿ. ತಣ್ಣೀರಿನಲ್ಲಿ ಒಂದು ರಾತ್ರಿ ನೆನೆಯಲಿ. ಬೆವರಿನ ಉಪ್ಪು, ಮಣ್ಣು ಇಳಿದು ನೀರು ಚಹಾದಂತಾಗುತ್ತದೆ. ಆ ನೀರು ಗಿಡಕ್ಕೆ ಹಾಕಿ. ಆಮೇಲೆ ೫೫ರಿಂದ ೬೦ ಡಿಗ್ರಿಯ ಬಿಸಿನೀರು ೧೦ ಲೀಟರಿಗೆ ಪಾತ್ರೆ ತೊಳೆಯುವ ದ್ರವ ೩೦ ಮಿ.ಲೀ. ಕಲಸಿ, ಚೀಲ ಮುಳುಗಿಸಿ ೨೦ ನಿಮಿಷ ಬಿಡಿ. ಕಲಕಬೇಡಿ, ಹಿಸುಕಬೇಡಿ. ಇಲ್ಲಿ ಕೈ ಸುಮ್ಮನಿರದಿದ್ದರೆ ಬಕೆಟ್ಟಿನಲ್ಲೇ ಫೆಲ್ಟ್ ತಯಾರಾಗುತ್ತದೆ. ಎತ್ತಿ ನೀರು ಬಸಿದು ಅಷ್ಟೇ ಬಿಸಿಯ ಬರೀ ನೀರಿನಲ್ಲಿ ಎರಡು ಸಲ ಅದ್ದಿ. ಬಿಸಿಯಿಂದ ಥಟ್ಟನೆ ತಣ್ಣೀರಿಗೆ ಹಾಕಿ ಅಲ್ಲಾಡಿಸಿದರೆ ಆಗಲೂ ಗಂಟುಕಟ್ಟುತ್ತದೆ. ನೆರಳಲ್ಲಿ ಒಣಗಿಸಿ. ಬೇಸಿಗೆಯಲ್ಲಿ ಒಂದು ದಿನ ಸಾಕು, ಮಳೆಗಾಲದಲ್ಲಿ ಮೂರು ದಿನ ಹಿಡಿದರೆ ಮುಗ್ಗಲು ವಾಸನೆ ಕಾಯಂ ಆಗುತ್ತದೆ, ಫ್ಯಾನ್ ಹಾಕಿ. ಹಿಂಜಲು ದುಬಾರಿ ಕಾರ್ಡಿಂಗ್ ಹಲಗೆ ಬೇಕಿಲ್ಲ. ನಾಯಿಯ ಕೂದಲು ಬಾಚುವ ತಂತಿ ಬ್ರಷ್ ಎರಡು ತಂದು ಎದುರುಬದುರು ಎಳೆದರೆ ಆಯಿತು. ಒಂದು ಗಂಟೆಗೆ ೬೦–೭೦ ಗ್ರಾಮಿಗಿಂತ ಹೆಚ್ಚು ನಿರೀಕ್ಷಿಸಬೇಡಿ, ಭುಜ ಹೇಳುತ್ತದೆ.

ನೀರು. ನೀರಿನ ಫೆಲ್ಟ್ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಈ ಮೂರು ಜಿಲ್ಲೆಯಲ್ಲಿ ಕೆಡುವುದಕ್ಕೆ ಮುಖ್ಯ ಕಾರಣ ಕೈಯಲ್ಲ, ಬೋರ್‌ವೆಲ್. ಹೊರಗಿನ ವಿಡಿಯೊಗಳಲ್ಲಿ ಆಲಿವ್ ಎಣ್ಣೆಯ ಸಾಬೂನು ತುರಿದು ನೊರೆ ಬರಿಸಿ ಕೆಲಸ ಮಾಡುತ್ತಾರೆ. ಅದನ್ನೇ ಕೋಲಾರದ ಅಥವಾ ಪಾವಗಡದ ಗಡಸು ನೀರಿನಲ್ಲಿ ಮಾಡಿದರೆ ನೊರೆಯ ಬದಲು ಬಿಳಿ ಜಿಡ್ಡು ಬರುತ್ತದೆ. ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಸಾಬೂನಿನೊಂದಿಗೆ ಸೇರಿ ಕರಗದ ಮಡ್ಡಿಯಾಗಿ ಎಳೆಯ ಮೇಲೆ ಕೂರುತ್ತದೆ. ಉಣ್ಣೆ ಅಂಟಂಟಾಗುತ್ತದೆ, ಒಣಗಿದ ಮೇಲೆ ಕಪ್ಪು ಉಣ್ಣೆಗೆ ಬೂದಿ ಬಳಿದಂತೆ ಕಾಣುತ್ತದೆ. ಎಷ್ಟೋ ಜನ ಈ ಹಂತದಲ್ಲಿ ಉಣ್ಣೆಯನ್ನು ಬೈದು ಬಿಟ್ಟುಬಿಡುತ್ತಾರೆ. (ನೀರಿನ ಫ್ಲೋರೈಡಿಗೂ ಇದಕ್ಕೂ ಸಂಬಂಧವಿಲ್ಲ, ಅದರ ಜಗಳ ಹಲ್ಲು, ಮೂಳೆಯ ಜೊತೆ.) ಪರೀಕ್ಷೆಗೆ ಅರ್ಧ ಬಾಟಲಿ ನೀರಿಗೆ ಚೂರು ಸಾಬೂನು ಹಾಕಿ ಕುಲುಕಿ. ನೊರೆ ನಿಂತರೆ ಸರಿ. ಒಡೆದ ಹಾಲಿನಂತೆ ಆದರೆ ಆ ನೀರಿಗೆ ಸಾಬೂನು ಬೇಡ. ಮಳೆನೀರು ಹಿಡಿದಿಟ್ಟಿದ್ದರೆ ಅದೇ ಶ್ರೇಷ್ಠ. ತುಮಕೂರು ನಗರದವರಿಗೆ ಬುಗುಡನಹಳ್ಳಿ ಕೆರೆಯಿಂದ ಬರುವ ಹೇಮಾವತಿ ನೀರು ಬೋರ್‌ವೆಲ್ ನೀರಿಗಿಂತ ಮೇಲು. ನಲ್ಲಿ ಬಂದ ದಿನ ಎರಡು ಬಕೆಟ್ ತೆಗೆದಿಡಿ. ಎರಡೂ ಇಲ್ಲವಾದರೆ ಪಾತ್ರೆ ತೊಳೆಯುವ ದ್ರವ ಬಳಸಿ, ಅದು ಗಡಸು ನೀರಿನಲ್ಲೂ ಜಿಡ್ಡುಗಟ್ಟುವುದಿಲ್ಲ. ಅಂಟುವಾಳವೂ ಹಾಗೆಯೇ, ಆದರೆ ಬಿಳಿ ಉಣ್ಣೆಗೆ ಕಂದು ಛಾಯೆ ಬಿಡುತ್ತದೆ.

ಕಿಟ್ಟಿನ ಜೊತೆ ಬರುವ ಚೀಟಿಯಲ್ಲಿ ನೀರಿನ ಫೆಲ್ಟಿಗೆ ನಾಲ್ಕೇ ಸಾಲಿದೆ, ಅದರಲ್ಲಿ ಎರಡು ಚಿತ್ರ. ಅದನ್ನು ನಂಬಿ ಕೂರದೆ ಶಿರಾ ಉಣ್ಣೆಯಲ್ಲಿ ಒಂದು ಆಸನ ಮಾಡಿನೋಡಿ. ಮುಗಿದಾಗ ೪೦ಕ್ಕೆ ೪೦ ಸೆಂಟಿಮೀಟರ್ ಬೇಕಾದರೆ ಹರಡುವಾಗ ೫೬ಕ್ಕೆ ೫೬ ಹರಡಬೇಕು, ಉದ್ದ ಅಗಲ ಎರಡರಲ್ಲೂ ಸುಮಾರು ೩೦ ಪ್ರತಿಶತ ಕುಗ್ಗುತ್ತದೆ. ಹಿಂಜಿದ ಉಣ್ಣೆ ೨೫೦ ಗ್ರಾಂ ತೂಗಿ ನಾಲ್ಕು ಪಾಲು ಮಾಡಿ. ಕೆಳಗೆ ಬಬಲ್ ಶೀಟ್, ಗುಳ್ಳೆ ಮೇಲ್ಮುಖ. ಮೊದಲ ಪಾಲನ್ನು ಉದ್ದಕ್ಕೆ, ಎರಡನೆಯದನ್ನು ಅಡ್ಡಕ್ಕೆ, ಹೀಗೆ ಬದಲಾಯಿಸುತ್ತ ನಾಲ್ಕು ಪದರ. ಪ್ರತಿ ಪದರವನ್ನೂ ಅಂಗೈಯಲ್ಲಿ ಒತ್ತಿ ನೋಡಿ. ಎಲ್ಲಿ ನೆಲ ತಾಗಿದಂತಾಗುತ್ತದೋ ಅಲ್ಲಿ ತೆಳುವಾಗಿದೆ, ತೇಪೆ ಹಾಕಿ. ತೂತು ಬೀಳುವುದು ಯಾವಾಗಲೂ ಈ ಹಂತದ ಸೋಮಾರಿತನದಿಂದ.

ಮೇಲೆ ಹಳೆಯ ಸೊಳ್ಳೆ ಪರದೆಯ ತುಂಡು ಹೊದಿಸಿ. ೪೫ ಡಿಗ್ರಿಯ ನೀರು ಒಂದು ಲೀಟರಿಗೆ ಒಂದು ಟೀ ಚಮಚ ಪಾತ್ರೆ ತೊಳೆಯುವ ದ್ರವ ಬೆರೆಸಿ ನಡುವಿನಿಂದ ಅಂಚಿಗೆ ಚಿಮುಕಿಸುತ್ತ ಹೋಗಿ, ಒತ್ತಿ ಗಾಳಿ ಹೊರಡಿಸಿ. ಉಣ್ಣೆ ಪೂರ್ತಿ ನೆನೆಯಬೇಕು, ತೇಲಬಾರದು. ನೀರು ಹೆಚ್ಚಾದರೆ ಎಳೆ ಎಳೆ ದೂರವಾಗುತ್ತದೆ, ಟವೆಲಿನಿಂದ ಹೀರಿ ತೆಗೆಯಿರಿ. ಮೊದಲ ೧೦ ನಿಮಿಷ ಮಗುವಿನ ಬೆನ್ನು ಸವರಿದಷ್ಟು ಹಗುರವಾಗಿ, ಮುಂದಿನ ೧೫ ನಿಮಿಷ ಬಲ ಹಾಕಿ ಉಜ್ಜಿ. ಪರದೆಯನ್ನು ನಡುನಡುವೆ ಮೆಲ್ಲಗೆ ಎತ್ತಿ ಬಿಡಿ, ಇಲ್ಲವಾದರೆ ಉಣ್ಣೆ ಅದರೊಂದಿಗೇ ಜಡೆಗಟ್ಟುತ್ತದೆ. ಈಗ ಚಿಟಿಕೆ ಪರೀಕ್ಷೆ: ಎರಡು ಬೆರಳಲ್ಲಿ ಮೇಲ್ಮೈ ಚಿವುಟಿ ಎತ್ತಿ. ಬರೀ ನಾಲ್ಕು ಎಳೆ ಬಂದರೆ ಇನ್ನೂ ಉಜ್ಜಬೇಕು. ಚರ್ಮದಂತೆ ಇಡೀ ಪದರ ಎದ್ದರೆ ಸುತ್ತುವ ಹೊತ್ತು. ಮೆರಿನೋ ಇಲ್ಲಿಗೆ ಅರ್ಧ ಹೊತ್ತಿನಲ್ಲಿ ಬಂದಿರುತ್ತದೆ. ದಖನಿ ಸತಾಯಿಸುತ್ತದೆ, ಬಿಡಬೇಡಿ.

ಸುತ್ತಲು ಬಬಲ್ ಶೀಟಿನ ಸಮೇತ ಈಚಲು ಚಾಪೆಯಲ್ಲಿ ಸುರುಳಿ ಮಾಡಿ, ಎರಡು ಕಡೆ ದಾರ ಕಟ್ಟಿ ಮೊಣಕೈಯಿಂದ ಬೆರಳ ತುದಿಯವರೆಗೆ ನೂರು ಸಲ ಉರುಳಿಸಿ. ಬಿಚ್ಚಿ, ಕಾಲು ಸುತ್ತು ತಿರುಗಿಸಿ, ಮತ್ತೆ ನೂರು. ನಾಲ್ಕೂ ದಿಕ್ಕು ಮುಗಿದರೆ ಒಂದು ಆವರ್ತನ. ಇಂಥ ಮೂರು ಬೇಕು. ಉರುಳಿಸಿದ ದಿಕ್ಕಿನಲ್ಲೇ ಬಟ್ಟೆ ಕುಗ್ಗುವುದರಿಂದ ಒಂದು ದಿಕ್ಕು ತಪ್ಪಿಸಿದರೆ ಚೌಕ ಹೋಗಿ ಹಂಚಿನ ಆಕಾರ ಬರುತ್ತದೆ. ಕೊನೆಯದಾಗಿ ಕೈ ತಡೆಯುವಷ್ಟು ಬಿಸಿನೀರಿನಲ್ಲಿ ಅದ್ದಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ೫೦ ಸಲ ಎತ್ತೆತ್ತಿ ಬಡಿಯಿರಿ. ಗಾಜಿನ ಹಲಗೆ, ಉಬ್ಬುತಗ್ಗಿನ ಮಣೆ ಎಂದು ಮಾರುವ ಉಪಕರಣಗಳೆಲ್ಲ ಈ ಕಲ್ಲಿನ ಮುಂದೆ ದಂಡ. ಅಳತೆ ೪೦ಕ್ಕೆ ಬಂತೆಂದರೆ ನಿಲ್ಲಿಸಿ. ಚೆನ್ನಾಗಿ ಜಾಲಾಡಿಸಿ, ಕಡೆಯ ಎರಡು ಲೀಟರ್ ನೀರಿಗೆ ಎರಡು ದೊಡ್ಡ ಚಮಚ ವಿನೆಗರ್ ಹಾಕಿ ಐದು ನಿಮಿಷ ಬಿಡಿ, ಉಳಿದ ಕ್ಷಾರ ಹೋಗುತ್ತದೆ. ನೆಲದ ಮೇಲೆ ಅಗಲಿಸಿ ಒಣಗಿಸಿ, ತಂತಿಗೆ ನೇತುಹಾಕಿದರೆ ಜಗ್ಗುತ್ತದೆ.

ಕಿಟ್ಟಿನ ಬಣ್ಣದ ಉಣ್ಣೆ ಉಪಯೋಗಕ್ಕೆ ಬರುವುದು ಈಗ. ಕಪ್ಪು ಆಸನದ ಮೇಲೆ ೩೮ರ ಸೂಜಿಯಲ್ಲಿ ರಂಗೋಲಿಯ ಎಳೆ ಎಳೆಯಿರಿ. ೩ ಗ್ರಾಂ ಬಣ್ಣ ಇದಕ್ಕೆ ಧಾರಾಳ. ಕೆಂಪು, ನೇರಳೆ ಮಾತ್ರ ಮೊದಲು ಬಿಳಿ ಒದ್ದೆ ಬಟ್ಟೆಯ ಮೇಲೆ ಉಜ್ಜಿ ನೋಡಿ, ಬಣ್ಣ ಬಿಡುವುದುಂಟು. ಗೊಂಬೆಗೂ ಇದೇ ಲೆಕ್ಕ. ಕುರಿ ಗೊಂಬೆಯ ಮೈಗೆ ೧೨ ಗ್ರಾಂ ಶಿರಾ ಉಣ್ಣೆಯನ್ನು ಬಿಗಿಯಾಗಿ ಸುತ್ತಿ ೩೬ರಲ್ಲಿ ಚುಚ್ಚಿ. ಹೆಬ್ಬೆರಳಲ್ಲಿ ಒತ್ತಿದರೆ ಗುಳಿ ಬೀಳಬಾರದು. ತಲೆಗೆ ೨ ಗ್ರಾಂ, ಕಾಲಿಗೆ ಮುಕ್ಕಾಲು ಗ್ರಾಮಿನಂತೆ. ಕಾಲಿನ ಮೇಲ್ತುದಿಯಲ್ಲಿ ಒಂದು ಸೆಂಟಿಮೀಟರ್ ಚುಚ್ಚದೆ ಕುಚ್ಚು ಬಿಡಿ, ಆ ಕುಚ್ಚನ್ನು ಹೊಟ್ಟೆಯ ಮೇಲೆ ಹರಡಿ ಚುಚ್ಚಿದರೆ ಕೀಲು ಗಟ್ಟಿ. ಪೂರ್ತಿ ಗಟ್ಟಿಯಾದ ಕಾಲನ್ನು ಆಮೇಲೆ ಅಂಟಿಸಲು ಹೋದರೆ ಮಗು ಎಳೆದ ಮೊದಲ ಸಲವೇ ಕೈಗೆ ಬರುತ್ತದೆ. ಮೆರಿನೋ ಮೇಲ್ಮೈಗೆ ೨ ಗ್ರಾಂ ಸಾಕು.

ಹೊಳೆಯುವ ಎಳೆಯ ಪೊಟ್ಟಣವನ್ನು ಬಿಚ್ಚದಿದ್ದರೂ ನಷ್ಟವಿಲ್ಲ, ಅದು ಪ್ಲಾಸ್ಟಿಕ್. ಹೊಳಪು ಬೇಕಾದವರಿಗೆ ಶಿಡ್ಲಘಟ್ಟ ಇದೆ. ರೇಷ್ಮೆ ಗೂಡಿನ ದೊಡ್ಡ ಮಾರುಕಟ್ಟೆಯ ಊರು. ನೂಲು ಬಿಚ್ಚಾಣಿಕೆ ಮಾಡುವ ಮನೆಗಳಲ್ಲಿ ಗೂಡು ಬೇಯಿಸಿ ಎಳೆ ಹುಡುಕುವಾಗ ಹೊರಪದರದ ಸಿಕ್ಕು ಎಳೆ ಬೇರೆಯಾಗುತ್ತದೆ. ಕೇಳಬೇಕಾದ್ದು ಅದನ್ನು. ಬಾಣಲೆಯ ತಳದಲ್ಲಿ ಹುಳದ ಜೊತೆ ಉಳಿದ ಒಳಪದರ ತಂದರೆ ಹುಳದ ಎಣ್ಣೆಯ ವಾಸನೆ ಎಷ್ಟು ತೊಳೆದರೂ ಹೋಗದು. ೧೦೦ ಗ್ರಾಂ ಒಣ ಸಿಕ್ಕಿಗೆ ಮೆದು ನೀರು ೩ ಲೀಟರ್, ಸಾಬೂನಿನ ತುರಿ ೨೦ ಗ್ರಾಂ, ವಾಷಿಂಗ್ ಸೋಡಾ ೩ ಗ್ರಾಂ ಹಾಕಿ ಕುದಿಗೆ ತುಸು ಕಡಿಮೆ ಉರಿಯಲ್ಲಿ ೪೫ ನಿಮಿಷ. ಎಳೆಯ ಗೋಂದು ಕರಗಿ ತೂಕದಲ್ಲಿ ಸುಮಾರು ಕಾಲು ಭಾಗ ಇಳಿಯುತ್ತದೆ, ಸೆಡೆತುಕೊಂಡಿದ್ದ ಸಿಕ್ಕು ಬೆಣ್ಣೆಯಂತಾಗುತ್ತದೆ. ಸೋಡಾ ಹೆಚ್ಚು ಹಾಕಿ ಬೇಗ ಮುಗಿಸಲು ನೋಡಿದರೆ ರೇಷ್ಮೆಯೇ ಸೊರಗುತ್ತದೆ. ರೇಷ್ಮೆಗೆ ಹೆಪ್ಪಳಿಕೆ ಇಲ್ಲ, ತಾನಾಗಿ ಫೆಲ್ಟ್ ಆಗದು; ಆಸನದ ಕಡೆಯ ಪದರದ ಮೇಲೆ ೩ ಗ್ರಾಮಿನಷ್ಟು ಜೇಡರ ಬಲೆಯಂತೆ ಹರಡಿ, ಅದರ ಮೇಲೆ ಉಣ್ಣೆಯ ನಾಲ್ಕೇ ಎಳೆ ಹಾಯಿಸಿ. ಉಣ್ಣೆ ಅದನ್ನು ಹೊಲಿದಿಟ್ಟುಕೊಳ್ಳುತ್ತದೆ. ದಪ್ಪಗೆ ಹಾಕಿದರೆ ಸಿಪ್ಪೆಯಂತೆ ಸುಲಿದು ಬರುತ್ತದೆ.

ಬಣ್ಣದ ವಿಚಾರ ಒಂದೇ ಮಾತು. ಬಿಳಿ ಅಥವಾ ಬೂದು ಉಣ್ಣೆ ಸಿಕ್ಕರೆ ಚೆಂಡುಹೂವಿನಲ್ಲಿ ಹಾಕಿ, ಆಯುಧಪೂಜೆ ಮುಗಿದ ಮರುದಿನ ಚಿಕ್ಕಬಳ್ಳಾಪುರ, ಕೋಲಾರದ ಕಡೆ ಹೂವಿಗೇನೂ ಬರವಿಲ್ಲ. ೧೦೦ ಗ್ರಾಂ ಉಣ್ಣೆಗೆ ಪಟಿಕ ೧೨ ಗ್ರಾಂ, ಒಂದು ಗಂಟೆ ೮೦ ಡಿಗ್ರಿಯಲ್ಲಿ. ಆಮೇಲೆ ೪೦೦ ಗ್ರಾಂ ಹಸಿ ಎಸಳು ಕುದಿಸಿ ಸೋಸಿದ ನೀರಿನಲ್ಲಿ ಮತ್ತೆ ಮುಕ್ಕಾಲು ಗಂಟೆ. ಅರಿಶಿನ ಬೇಡ, ಬಿಸಿಲಿಗೆ ಹಾರಿಹೋಗುತ್ತದೆ.

ಮುಗಿದ ವಸ್ತುವಿಗೆ ನುಸಿ ಹತ್ತುವುದನ್ನು ಕಿಟ್ಟಿನವರು ಎಲ್ಲೂ ಹೇಳುವುದಿಲ್ಲ. ಬೇವಿನೆಲೆ ನುಸಿಯ ಚಿಟ್ಟೆಯನ್ನು ಒಂದಿಷ್ಟು ದೂರವಿಡಬಹುದು, ಇಟ್ಟ ಮೊಟ್ಟೆಯನ್ನು ಕೊಲ್ಲುವುದಿಲ್ಲ. ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ ಫ್ರೀಜರಿನಲ್ಲಿ ಎರಡು ವಾರ ಇಡುವುದೇ ಖಾತ್ರಿ ದಾರಿ. ಹೊರತೆಗೆದ ಮೇಲೆ ಕೋಣೆಯ ಬಿಸಿಗೆ ಬರುವವರೆಗೆ ಚೀಲ ಬಿಚ್ಚಬೇಡಿ, ಬೆವರುತ್ತದೆ.

ಇಷ್ಟು ಓದಿದ ಮೇಲೂ ಕಿಟ್ಟೇ ಬೇಕೆಂದರೆ ೧೨ ಬಣ್ಣ, ಬಣ್ಣಕ್ಕೆ ೧೦ ಗ್ರಾಂ ಇರುವುದನ್ನು ತರಿಸಿ, ೩೬ ಬಣ್ಣದ್ದನ್ನಲ್ಲ. ಬೇಡವೆಂದರೆ ಸೂಜಿ ಮಾತ್ರ ಬಿಡಿಯಾಗಿ ಕೊಳ್ಳಿ: ೩೮ ಹತ್ತು, ೩೬ ಆರು, ೪೦ ಎರಡು, ಜೊತೆಗೆ ೫೦ ಗ್ರಾಂ ಬಿಳಿ ಮೆರಿನೋ. ಬಂದ ದಿನವೇ ಸೂಜಿಯ ಬಾಗಿದ ತುದಿಗೆ ನೈಲ್ ಪಾಲಿಶ್ ಹಚ್ಚಿ, ೩೬ಕ್ಕೆ ಕೆಂಪು, ೩೮ಕ್ಕೆ ಗುಲಾಬಿ, ೪೦ಕ್ಕೆ ಬಣ್ಣವಿಲ್ಲ. ಒಣಗಲು ಅದೇ ಗೋಣಿಚೀಲದ ಅಕ್ಕಿಯಲ್ಲಿ ಸಿಕ್ಕಿಸಿಡಬಹುದು.